ಸೂತಕದ ಕಟ್ಟೆಯ ಮೀನುಗಳು

1966ನೇ ಇಸವಿ ಫೆಬ್ರವರಿ 5, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಕಡವಿನಕೊಪ್ಪದ ಹೊಳೆದಂಡೆಯ ದೇವಸ್ಥಾನದಲ್ಲಿ ಸುಬ್ಬಣ್ಣ ಜೋಯಿಸರು ಹಲಸಿನ ಮರದ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಕೆಂಪು ವಸ್ತ್ರವಿತ್ತು. ವಸ್ತ್ರದೊಳಗೆ ಇರಬೇಕಾದ್ದು ಇರಲಿಲ್ಲ.

ಇರಬೇಕಾದ್ದು ಮೂರು ತಾಮ್ರದ ಹಲಗೆ. ಒಂದೇ ಬಳೆಗೆ ಪೋಣಿಸಿದ್ದು, ಕೆಳದಿ ಅರಸರ ಕಾಲದ ಶಾಸನ. ತಿಂಗಳಿಗೊಮ್ಮೆ, ಹುಣ್ಣಿಮೆಯ ದಿನ ಮಾತ್ರ ಅದನ್ನು ಹೊರತೆಗೆದು ಗಂಧ ಹಚ್ಚುವುದು ಪದ್ಧತಿ. ಜನವರಿ ಹುಣ್ಣಿಮೆಗೆ ಇತ್ತು. ಫೆಬ್ರವರಿ ಹುಣ್ಣಿಮೆಗೆ ಇಲ್ಲ.

ತೀರ್ಥಹಳ್ಳಿ ಠಾಣೆಯ ದಫೇದಾರ ಬೆಳ್ಳಪ್ಪ ಸೈಕಲ್ ತುಳಿದುಕೊಂಡು ಬಂದಾಗ ಹನ್ನೊಂದು ಗಂಟೆ. ಹೊಸನಗರದ ಕಡೆಯವನು, ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ದನದ ಕಳವು ಕಂಡಿದ್ದ, ಬೇಲಿ ಜಗಳ ಕಂಡಿದ್ದ. ಶಾಸನದ ಕಳವು ಇದೇ ಮೊದಲು.

"ಬೀಗ ಒಡೆದಿಲ್ಲ," ಅಂದ, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು. "ಬಾಗಿಲ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ," ಅಂದರು ಜೋಯಿಸರು.

"ಪೆಟ್ಟಿಗೇದು?"

"ಅದೇ ಗೊಂಚಲಲ್ಲಿ."

"ಯಾರಿಗಾದ್ರೂ ಕೊಟ್ಟಿದ್ರಾ?"

ಜೋಯಿಸರು ಬೆರಳು ಮಡಚಿದರು. "ಸಂಕ್ರಾಂತಿ ದಿನ ದೋಣಿ ಕನ್ನಪ್ಪ ಇಸ್ಕೊಂಡ, ದೋಣಿ ತಳ್ಳೋ ಹೊಸ ಗಳ ದೇವರ ಮುಂದಿಟ್ಟು ತಗೊಂಡು ಹೋಗೋಕೆ. ಅದಾಗಿ ಎರಡನೇ ದಿನ, ಭಾನುವಾರ, ನಾರಾಯಣಮೂರ್ತಿ ಮೇಷ್ಟ್ರು. ಬೆಂಗಳೂರಿನವರು ಬಂದಿದ್ರು, ದೇವಸ್ಥಾನ ತೋರಿಸೋಕೆ. ಅದರ ಮುಂದಿನ ಭಾನುವಾರ ಆ ಬ್ಯಾಕೋಡಿನ ನಿಂಗಪ್ಪ. ಹಣ್ಣುಕಾಯಿ ಮಾಡಿಸ್ಬೇಕು ಅಂದ. ನನಗೆ ಜ್ವರ, ನೀನೇ ಹೋಗಿ ಇಟ್ಟು ಬಾ ಅಂದೆ."

"ಮೂರು ಜನ. ಮೂವರೂ ಒಬ್ಬೊಬ್ರೇ ಒಳಗಿದ್ರು?"

"ಇದ್ರು. ಮೇಷ್ಟ್ರೂ ಬಂದೋರನ್ನ ಕಳಿಸಿ ಬಾಗಿಲು ಹಾಕೋಕೆ ಒಬ್ರೇ ಉಳಿದಿದ್ರು. ಯಾಕೆ ಇರಬಾರದು? ದೇವಸ್ಥಾನ ಅಲ್ವೇನಯ್ಯ."

ಬೆಳ್ಳಪ್ಪ ನಿಟ್ಟುಸಿರು ಬಿಟ್ಟು ಹೊರಗೆ ಬಂದ.

ತೀರ್ಥಹಳ್ಳಿಯಿಂದ ನಾಲ್ಕು ಮೈಲಿ ಕೆಳಗೆ, ತುಂಗೆಯ ದಂಡೆಯಲ್ಲಿ ಕಲ್ಲುಮೆಟ್ಟಿಲ ಊರು ಅದು. ದೇವಸ್ಥಾನದ ಕೆಳಗೆ, ನೀರಿಗಿಳಿಯುವ ಮೆಟ್ಟಿಲ ಸಾಲು, ದೇವರ ಕಟ್ಟೆ. ಪಕ್ಕದಲ್ಲಿ ಕಡವು, ಅಂದರೆ ದೋಣಿ ದಾಟುವ ಜಾಗ. ಇನ್ನೂರು ಗಜ ಕೆಳಗೆ, ಹೊಳೆ ತಿರುಗುವಲ್ಲಿ, ಮರಗಳ ನೆರಳಲ್ಲಿ ಸೂತಕದ ಕಟ್ಟೆ. ಮನೆಯಲ್ಲಿ ಸಾವಾದಾಗ ಸ್ನಾನ ಮಾಡುವುದು ಅಲ್ಲಿ. ಉಳಿದ ದಿನ ಅತ್ತ ಯಾರೂ ಕಾಲಿಡುವುದಿಲ್ಲ. ಹಿಂದಿನ ವರ್ಷ ಬೆಂಗಳೂರಿನ ವಾರಪತ್ರಿಕೆಯೊಂದು ಈ ಊರಿನ ಫೋಟೋ ಹಾಕಿತ್ತು. ಆಮೇಲೆ ಭಾನುವಾರ ಬಂದರೆ ಕಾರುಗಳು. ಪೇಟೆಯ ಜನ ದೇವರ ಕಟ್ಟೆಯಲ್ಲಿ ಮೀನಿಗೆ ಮಂಡಕ್ಕಿ ಹಾಕುವರು, ದೋಣಿಯಲ್ಲಿ ಆಚೆ ದಡದ ಹಾಳು ಕೋಟೆಗೆ ಹೋಗುವರು, ಕಡವಿನ ಮೇಲಣ ಕೆತ್ತನೆ ಕಂಬದ ಮನೆಯಲ್ಲಿ ಊಟ ಮಾಡುವರು. ತಮ್ಮ ಊರು ಇಷ್ಟು ಹಳೆಯದೆಂದು ಊರಿನವರಿಗೆ ಗೊತ್ತಾದದ್ದೇ ಆಗ.

ಆ ಮನೆ ನಾರಾಯಣಮೂರ್ತಿ ಮೇಷ್ಟರದು. ನಿವೃತ್ತಿಯಾಗಿ ಆರು ವರ್ಷ. ಒಂದು ಮಂಡಿ ಹಿಡಿದುಕೊಂಡಿತ್ತು. ತುದಿಗೆ ಕಬ್ಬಿಣದ ಬಳೆ ಹೊಡೆಸಿದ ಬೆತ್ತ ಊರಿಕೊಂಡು ಟಕ್ ಟಕ್ ಎಂದು ಬಾಗಿಲಿಗೆ ಬಂದರು.

"ಬನ್ನಿ ದಫೇದಾರ್ರೆ. ಬಾಯಾಡಿಸ್ತೀರಾ?" ಕೋಟಿನ ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದರು.

"ಏನ್ ಮೇಷ್ಟ್ರೆ, ಜೇಬಲ್ಲೇ ಅಂಗಡಿ?"

"ಈ ಊರಲ್ಲಿ ಎಲ್ಲರ ಜೇಬಲ್ಲೂ ಇರುತ್ತೆ. ಹೊಳೆ ಹತ್ರ ಬರಿಗೈಲಿ ಹೋದ್ರೆ ನಮ್ಮಮ್ಮ ಕೈಮೇಲೆ ಹೊಡೀತಿದ್ರು. ದೇವರ ಮೀನು ನೋಡಿ."

"ಶಾಸನದಲ್ಲಿ ಏನು ಬರೆದಿತ್ತು?"

"ಅಕ್ಷರ ಸವೆದುಹೋಗಿದೆ. ನಾನೂ ಒದ್ದಾಡಿದೆ, ನಾಲ್ಕು ಅಕ್ಷರ ಕೂಡಲಿಲ್ಲ. ದೇವರ ದೀಪಕ್ಕೆ ಕೊಟ್ಟ ದತ್ತಿ ಇರಬಹುದು."

"ಬೆಳಿಗ್ಗೆ ಹೊತ್ತು ಯಾರಾದ್ರೂ ಅನುಮಾನದವರು ಓಡಾಡೋದು ಕಂಡ್ರಾ?"

"ನಾನು ಬೆಳಿಗ್ಗೆ ಗುಡ್ಡದ ಕಡೆ ವಾಕಿಂಗ್. ಹೊಳೆ ಕಡೆ ಕಣ್ಣು ಹಾಯಲ್ಲ." ಮೇಷ್ಟರು ಧ್ವನಿ ತಗ್ಗಿಸಿದರು. "ಒಂದು ಮಾತು. ಕನ್ನಪ್ಪ ಪಾಪದವನು. ಆದ್ರೆ ಯೋಚ್ನೆ ಮಾಡಿ — ಕಡವು ತನ್ನದು ಅಂತ ಶಾಸನದಲ್ಲಿದೆ ಅಂತ ಹುಟ್ಟಿದಾಗಿಂದ ಹೇಳ್ಕೊಂಡು ಬಂದ. ಹದಿನಾಲ್ಕನೇ ತಾರೀಕು ತಹಸೀಲ್ದಾರರ ಮುಂದೆ ಅದನ್ನ ಓದ್ಬೇಕು. ಬೆಂಗಳೂರಿಂದ ಓದೋರು ಬರ್ತಾರೆ. ಹಾಗೆ ಬರೆದಿಲ್ದೆ ಇದ್ರೆ?"

ಬೆಳ್ಳಪ್ಪನ ತಲೆಯಲ್ಲಿ ಆ ಮಾತು ಕೂತಿತು.

ಕಡವಿನ ಜಗಳ ತಾಲ್ಲೂಕಿಗೆಲ್ಲ ಗೊತ್ತಿದ್ದದ್ದೇ. ಕಾರಿನವರು ಹೆಚ್ಚಾದ ಮೇಲೆ ಕಡವಿನ ಮೇಲೆ ಕಣ್ಣು ಬಿದ್ದದ್ದು ನಿಂಗಪ್ಪನಿಗೆ. ಬ್ಯಾಕೋಡಿನ ಹತ್ತಿರ ಅವನ ಗದ್ದೆ ಶರಾವತಿ ಹಿನ್ನೀರಿನಲ್ಲಿ ಮುಳುಗಿತ್ತು. ಈಗ ಹೊಳೆಬಾಗಿಲಿನಲ್ಲಿ ದೋಣಿ ನಡೆಸುತ್ತಿದ್ದ, ಸಾಗರದಲ್ಲಿ ಮೋಟಾರು ಕೊಂಡಿದ್ದ. ಇಲ್ಲಿ ಮೋಟಾರು ದೋಣಿ ಬಿಡಲು ಅರ್ಜಿ ಹಾಕಿದ್ದ. ಕನ್ನಪ್ಪನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಇದ್ದದ್ದು ಶಾಸನ, ಅದೂ ಅಪ್ಪ ಹೇಳಿದ ಮಾತು.

"ಕದ್ದಿದ್ದು ನಾನಂತೆ," ಅಂದ ನಿಂಗಪ್ಪ, ಟಯರಿನ ಚಪ್ಪಲಿ ಕಳಚಿ ದೇವಸ್ಥಾನದ ಜಗಲಿಯ ಮೇಲೆ ಕಾಲು ಮಡಚಿ. "ಅನ್ನಿ. ಹೊರಗಿನವನನ್ನ ಅನ್ನೋದು ಸಲೀಸು."

"ಹಣ್ಣುಕಾಯಿಗೆ ನಿಮಗೆ ಇಲ್ಲೇ ಬೇಕಾಯ್ತಾ? ನಿಮ್ಮೂರಲ್ಲಿ ದೇವರಿಲ್ವಾ?"

"ಇದ್ದ. ನೀರೊಳಗಿದ್ದಾನೆ."

"ಶಾಸನ ಹೋದ್ರೆ ಲಾಭ ನಿಮಗೇ ಅಲ್ವಾ?" ಎಂದ ಬೆಳ್ಳಪ್ಪ.

"ಇದ್ರೂ ನಂದೇ ಲಾಭ ದಫೇದಾರ್ರೆ. ಅದರಲ್ಲಿ ಕಡವಿನ ಮಾತಿಲ್ಲ ಅಂತ ನಿಮ್ಮ ಮೇಷ್ಟ್ರೇ ಹೇಳಿದಾರೆ. ಕದಿಯೋ ಕಷ್ಟ ನನಗ್ಯಾಕೆ?"

ಇನ್ನು ಕನ್ನಪ್ಪ. ಐವತ್ತರ ಆಳು, ಬರಿಗಾಲು, ಸೊಂಟದ ಪಂಚೆಯ ಮಡಿಕೆಯಲ್ಲಿ ಅವನದೂ ಮಂಡಕ್ಕಿ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ.

"ಗಳ ಇಟ್ಟೆ. ಕೈಮುಗ್ದೆ. ಬಂದೆ."

"ಪೆಟ್ಟಿಗೆ ಮುಟ್ಟಿದ್ಯಾ?"

"ಅದರಲ್ಲಿ ನನ್ನ ಅನ್ನ ಐತಿ ಸ್ವಾಮಿ. ನನ್ನ ಅನ್ನ ನಾನು ಕದೀಲಾ?"

ಬೆಳ್ಳಪ್ಪ ಬರೆದುಕೊಂಡ. ಅವತ್ತು ಅಷ್ಟೇ.

ಮುಂದಿನ ಶನಿವಾರ, ಹನ್ನೆರಡನೆಯ ತಾರೀಕು, ಅವನು ಮತ್ತೆ ಬಂದ. ಈ ಸಲ ಸಬ್ ಇನ್ಸ್‌ಪೆಕ್ಟರರ ಅಪ್ಪಣೆ ಹೊತ್ತಿದ್ದ: ನಾಳೆ ಬೆಳಿಗ್ಗೆ ಕನ್ನಪ್ಪನನ್ನು ಠಾಣೆಗೆ ಕರೆದುಕೊಂಡು ಬರುವುದು. ನಾಡಿದ್ದು ತಹಸೀಲ್ದಾರರ ವಿಚಾರಣೆ. ಕನ್ನಪ್ಪ ಲಾಕಪ್ಪಿನಲ್ಲಿದ್ದರೆ ಕಡವು ನಿಂಗಪ್ಪನ ಪಾಲಾಗುವುದರಲ್ಲಿ ಸಂಶಯವಿರಲಿಲ್ಲ.

ಕಡವಿನ ಮೆಟ್ಟಿಲ ಮೇಲೆ ಕನ್ನಪ್ಪನ ಹೆಂಡತಿ ದುರ್ಗಮ್ಮ ಮಂಡಕ್ಕಿ ಪೊಟ್ಟಣದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು, ತೊಡೆಯ ಮೇಲೆ ನೋಟ್‌ಬುಕ್ಕು.

"ನಮ್ಮ ಜೋಯಿಸರ ಸೊಸೆ, ತಂಗಿ ಮಗಳು," ಅಂದಳು ದುರ್ಗಮ್ಮ. "ವಾಗ್ದೇವಮ್ಮ. ತೀರ್ಥಳ್ಳಿ ಹೆಣ್ಮಕ್ಕಳ ಹೈಸ್ಕೂಲಲ್ಲಿ ಸೈನ್ಸ್ ಟೀಚರು. ನಿಮ್ಮಂಗಲ್ಲ, ಇವ್ರು ಕೇಳಿದ್ದಕ್ಕೆ ಉತ್ತರ ಪೂರ್ತಿ ಕೇಳಿಸ್ಕಂತಾರೆ."

"ಏನು ಕೇಳಿದ್ರು?"

"ಮೀನಿನ ವಿಷ್ಯ."

ಬೆಳ್ಳಪ್ಪ ನಕ್ಕ. "ನಿನ್ನ ಗಂಡನ್ನ ನಾಳೆ ಕರ್ಕೊಂಡು ಹೋಗೋಕೆ ಬಂದಿದೀನಿ. ನೀವಿಬ್ರೂ ಮೀನಿನ ವಿಷ್ಯ ಮಾತಾಡ್ತಿದೀರಿ."

ದುರ್ಗಮ್ಮ ಬುಟ್ಟಿ ಪಕ್ಕಕ್ಕಿಟ್ಟಳು. ವಾಗ್ದೇವಿ ಅವಳ ಮೊಣಕೈ ಹಿಡಿದು, "ಇನ್ನೊಂದ್ಸಲ ಹೇಳಿ ದುರ್ಗಮ್ಮ. ದಫೇದಾರ್ರೂ ಕೇಳಲಿ," ಅಂದಳು.

"ಎಂತ ಹೇಳೂದು. ಮುಂಚೆ ಬೆಳಿಗ್ಗೆ ದೇವರ ಕಟ್ಟೇಲಿ ಕಾಲಿಟ್ರೆ ನೀರು ಕಪ್ಪಾಗ್ತಿತ್ತು, ಅಷ್ಟು ಮೀನು. ಈಗ ಹತ್ತು ಗಂಟೆ ತನಕ ಒಂದೂ ಬರಲ್ಲ. ಶಾಸನ ಹೋಯ್ತು, ದೇವರ ಮೀನೂ ಹೋದ್ವು ಅಂತಾರೆ ಜನ. ನನ್ನ ಮುಖ ನೋಡ್ಕಂಡೇ ಅಂತಾರೆ."

"ಯಾವತ್ತಿಂದ?" ಎಂದು ಕೇಳಿದಳು ವಾಗ್ದೇವಿ.

"ಸಂಕ್ರಾಂತಿ ಕಳ್ದು ನಾಲ್ಕೈದು ದಿನದಿಂದ."

"ಶಾಸನ ಇಲ್ಲ ಅಂತ ಗೊತ್ತಾಗಿದ್ದು?"

"ಹೋದ ಹುಣ್ಣಿಮೆಗೆ."

"ಅಂದ್ರೆ ಊರಿಗೆ ಗೊತ್ತಾಗೋದಕ್ಕೆ ಹದಿನೈದು ದಿನ ಮೊದಲೇ ಮೀನಿಗೆ ಗೊತ್ತಾಯ್ತು," ಅಂದಳು ವಾಗ್ದೇವಿ. ನಗುವಿರಲಿಲ್ಲ. "ದಫೇದಾರ್ರೆ, ನಾಳೆ ಏಳು ಗಂಟೆಗೆ ನನ್ನ ಜೊತೆ ಸೂತಕದ ಕಟ್ಟೆಗೆ ಬರ್ತೀರಾ? ಒಂದು ಗಂಟೆ ಕೊಡಿ. ಆಮೇಲೆ ಯಾರನ್ನ ಬೇಕಾದ್ರೂ ಕರ್ಕೊಂಡು ಹೋಗಿ."

"ಅಲ್ಲಿಗ್ಯಾಕೆ ಟೀಚರಮ್ಮ? ಯಾರೂ ಸತ್ತಿಲ್ಲ."

"ಅದಕ್ಕೇ. ಊರಲ್ಲಿ ಕಡೇ ಸಾವು ಹೋದ ಶ್ರಾವಣದಲ್ಲಿ. ಆದ್ರೆ ಆ ದಾರೀಲಿ ತರಗೆಲೆ ತುಳಿದು ಪುಡಿಯಾಗಿದೆ. ನಾನು ನಿನ್ನೆ ಸಂಜೆ ನೋಡ್ಕೊಂಡು ಬಂದೆ."

ಭಾನುವಾರ ಬೆಳಿಗ್ಗೆ ಹೊಳೆಯ ಮೇಲೆ ಮಂಜಿತ್ತು. ಬೆಳ್ಳಪ್ಪ ಮಫ್ಲರು ಸುತ್ತಿಕೊಂಡು ಮೇಲಿನ ಕಲ್ಲಿನ ಮೇಲೆ ಕೂತ. ವಾಗ್ದೇವಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೆಳಮೆಟ್ಟಿಲ ತನಕ ಇಳಿದಳು. ಗಡಿಯಾರ ನೋಡಿದಳು. ಐದು ನಿಮಿಷ. ನೀರು ಅಲುಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಳು: ಸೊನ್ನೆ.

ಮೇಲೆ ಬಂದು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಇಳಿದಳು. ಐದು ನಿಮಿಷ. ಸೊನ್ನೆ.

"ಟೀಚರಮ್ಮ," ಎಂದ ಬೆಳ್ಳಪ್ಪ ಆಕಳಿಸುತ್ತ, "ಸಾಹೇಬರಿಗೆ ನಾನು ಏನಂತ ಬರೀಲಿ? ಮೀನು ರಜಾದಲ್ಲಿವೆ ಅಂತಲಾ?"

ಅವಳು ಗಡಿಯಾರವನ್ನು ಮತ್ತೊಮ್ಮೆ ನೋಡಿದಳು. ಮುಖ ಸ್ವಲ್ಪ ಬಾಡಿತ್ತು. ತಾನು ಅಂದುಕೊಂಡದ್ದು ಹುಸಿಯಾಯಿತೆಂದು ಅವಳಿಗೂ ಅನಿಸಿರಬೇಕು. ಬೆಳ್ಳಪ್ಪನಿಗೆ ಪಾಪ ಎನಿಸಿ, ಕರೆದುಕೊಂಡು ಬರೋಣವೆಂದು ಎದ್ದ. ಮೆಟ್ಟಿಲು ಪಾಚಿಗಟ್ಟಿತ್ತು. ಜಾರದಂತೆ ಲಾಠಿ ಊರಿಕೊಂಡು ಇಳಿದ. ಲಾಠಿಯ ತುದಿಯ ಕಬ್ಬಿಣ ಕಲ್ಲಿಗೆ ಬಡಿಯಿತು. ಟಕ್. ಟಕ್. ಟಕ್.

ನೀರು ಕಪ್ಪಾಯಿತು.

ಮೊದಲು ಒಂದು ಬೆನ್ನು, ಮೊಳದುದ್ದ. ಅದರ ಹಿಂದೆ ನಾಲ್ಕು. ಆಮೇಲೆ ಎಣಿಸಲಾರದಷ್ಟು. ದೇವರ ಮೀನುಗಳು ಕೆಳಮೆಟ್ಟಿಲಿಗೆ ಮೂತಿ ತಾಗಿಸಿ ಬಾಯಿ ತೆರೆದು ಮುಚ್ಚಿ ನಿಂತವು. ಬೆಳ್ಳಪ್ಪ ಅಲ್ಲೇ ಕಲ್ಲಾದ.

"ಅಲುಗಾಡಬೇಡಿ," ಎಂದಳು ವಾಗ್ದೇವಿ ಪಿಸುಗುಟ್ಟಿ. ಎಣಿಸುತ್ತಿದ್ದಳು. "ಇಪ್ಪತ್ತಮೂರು, ಇಪ್ಪತ್ತನಾಲ್ಕು... ಮೂವತ್ತೊಂದು. ಮೇಲೆ ಹೋಗಿ. ಅವು ಚದುರಿದ ಮೇಲೆ ಮತ್ತೊಮ್ಮೆ ಇಳಿದು ಬನ್ನಿ."

ಮತ್ತೊಮ್ಮೆ ಇಳಿದ. ಮತ್ತೆ ಬಂದವು. ಇಪ್ಪತ್ತೊಂಬತ್ತು.

ಅವಳು ನೋಟ್‌ಬುಕ್ಕು ಮಡಚಿದಳು. "ದಫೇದಾರ್ರೆ, ಕನ್ನಪ್ಪನ ಕಾಲಲ್ಲಿ ಏನಿರುತ್ತೆ?"

"ಕೆಸರು."

"ನಿಂಗಪ್ಪನ ಕಾಲಲ್ಲಿ?"

"ಟಯರ್ ಚಪ್ಪಲಿ." ಬೆಳ್ಳಪ್ಪ ತನ್ನ ಲಾಠಿಯ ತುದಿ ನೋಡಿದ. ಆಮೇಲೆ ಅವಳ ಮುಖ ನೋಡಿದ.

ಒಂಬತ್ತು ಗಂಟೆಗೆ ಎಲ್ಲರೂ ದೇವಸ್ಥಾನದ ಜಗಲಿಯಲ್ಲಿ ಸೇರಿದರು. ಜೋಯಿಸರು, ನಿಂಗಪ್ಪ, ಮೇಷ್ಟರು. ಕನ್ನಪ್ಪ ಕೆಳಗೆ ನಿಂತಿದ್ದ, ಠಾಣೆಗೆ ಹೋಗಲೆಂದು ತೊಳೆದ ಅಂಗಿ ಹಾಕಿಕೊಂಡು. ದುರ್ಗಮ್ಮ ಅವನ ಪಕ್ಕದಿಂದ ಕದಲಲಿಲ್ಲ.

"ನಮ್ಮ ಕಾಲೇಜಿನಲ್ಲಿ ಒಂದು ಮೀನಿನ ತೊಟ್ಟಿ ಇತ್ತು," ಎಂದು ಶುರುಮಾಡಿದಳು ವಾಗ್ದೇವಿ. "ಅಟೆಂಡರು ಬಕೆಟ್ಟು ಕೆಳಗಿಟ್ಟ ಸದ್ದಾದ್ರೆ ಮೀನು ಮೇಲೆ ಬರ್ತಿದ್ದವು. ಪ್ರೊಫೆಸರು ಬಂದ್ರೆ ಬರ್ತಿರಲಿಲ್ಲ. ತಿಂಡಿ ಹಾಕೋ ಸದ್ದು ಯಾವುದು ಅಂತ ಅವಕ್ಕೆ ಗೊತ್ತು. ನಮ್ಮ ದೇವರ ಮೀನಿನ ಜಾತಿಗಂತೂ ಕಿವಿ ಬಹಳ ಚುರುಕು."

"ಪಾಠ ಶಾಲೇಲಿ ಮಾಡು ಮಗಳೇ," ಎಂದರು ಜೋಯಿಸರು.

"ಮುಗೀತು ಮಾವ. ಒಂದು ತಿಂಗಳಿಂದ ಯಾರೋ ದಿನಾ ಬೆಳಿಗ್ಗೆ ಸೂತಕದ ಕಟ್ಟೆಗೆ ಹೋಗಿ ನಿಲ್ತಿದಾರೆ. ಮೀನಿಗೆ ಹಾಕೋಕೆ ಅಲ್ಲ, ಇನ್ನೇನೋ ನೋಡೋಕೆ. ಆದ್ರೆ ನೀರಿನ ಮುಂದೆ ನಿಂತ ಮೇಲೆ ಕೈ ಸುಮ್ಮನಿರಲಿಲ್ಲ, ಮಂಡಕ್ಕಿ ಹಾಕ್ತು. ನಿಂಗಪ್ಪನವರೇ, ನೀವು ಹೊಳೆ ಹತ್ರ ಹೋದಾಗ ಜೇಬಲ್ಲಿ ಏನಿರುತ್ತೆ?"

"ಬೀಡಿ."

"ಹೊರಗಿನವರಾಗಿದ್ರೆ ಬರಿಗೈಲಿ ನಿಂತು ಬರಿಗೈಲಿ ಬರ್ತಿದ್ರು. ಮೀನು ಕಲೀತಿರಲಿಲ್ಲ, ನಮಗೂ ಗೊತ್ತಾಗ್ತಿರಲಿಲ್ಲ. ಇದು ಈ ಊರಿನವರಷ್ಟೇ ಮಾಡೋ ತಪ್ಪು."

ಎಲ್ಲರ ಕಣ್ಣೂ ಕನ್ನಪ್ಪನ ಕಡೆ ಹೊರಳಿತು. ದುರ್ಗಮ್ಮ ಅವನ ತೋಳು ಹಿಡಿದಳು.

"ಕನ್ನಪ್ಪನೂ ಈ ಊರಿನವನೇ," ಎಂದಳು ವಾಗ್ದೇವಿ. "ಆದ್ರೆ ಬರಿಗಾಲಿಗೆ ಆ ಮೀನು ಏಳಲ್ಲ. ಚಪ್ಪಲಿಗೂ ಏಳಲ್ಲ. ಕಬ್ಬಿಣ ಕಲ್ಲಿಗೆ ತಾಗಿದ್ರೆ ಮಾತ್ರ ಏಳ್ತವೆ. ಮೇಷ್ಟ್ರೆ, ಬೆಳಿಗ್ಗೆ ಗುಡ್ಡದ ಕಡೆ ಹೋಗ್ತೀನಿ ಅಂದ್ರಂತೆ. ಈ ಮಂಡೀಲಿ ಗುಡ್ಡ ಹತ್ತೋಕಾಗುತ್ತಾ?"

ಮೇಷ್ಟರು ನಗಲು ನೋಡಿದರು. "ಮೀನಿನ ಮಾತು ಕೇಳಿ ನನ್ನನ್ನ ಕಳ್ಳ ಅಂತೀಯೇನಮ್ಮ? ದಫೇದಾರ್ರೆ, ಇದು ಯಾವ ಕೋರ್ಟಲ್ಲಿ ನಿಲ್ಲುತ್ತೆ?"

"ಎಲ್ಲೂ ನಿಲ್ಲಲ್ಲ," ಎಂದ ಬೆಳ್ಳಪ್ಪ. "ಅದಕ್ಕೇ ಕೇಳ್ತೀನಿ. ಅಲ್ಲಿಗೊಂದು ಸಲ ಇಳಿದು ಬನ್ನಿ. ಮೀನು ಬರದಿದ್ರೆ ನಿಮ್ಮ ಕಾಲಿಗೆ ಬೀಳ್ತೀನಿ."

ಸೂತಕದ ಕಟ್ಟೆಯ ಮೇಲೆ ಜನ ಹಿಂದೆ ಸರಿದು ನಿಂತರು. ಮೇಷ್ಟರು ಒಬ್ಬರೇ ಇಳಿದರು. ಬೆತ್ತ ಎತ್ತಿ ಹಿಡಿದು, ಸದ್ದಾಗದಂತೆ, ಗೋಡೆ ಹಿಡಿದು ಎರಡು ಮೆಟ್ಟಿಲು. ಮೂರನೆಯದರಲ್ಲಿ ಮಂಡಿ ಕೈಕೊಟ್ಟಿತು. ಬೆತ್ತ ಊರಲೇಬೇಕಾಯಿತು. ಟಕ್.

ಮೀನುಗಳು ಬಂದವು. ಬೆಳ್ಳಪ್ಪ ಮೀನು ನೋಡಲಿಲ್ಲ, ಮೇಷ್ಟರ ಬಲಗೈ ನೋಡುತ್ತಿದ್ದ. ಅದು ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು. ಒಂದು ಹಿಡಿ ಮಂಡಕ್ಕಿ ತೆಗೆಯಿತು. ಅರ್ಧ ದಾರಿಯಲ್ಲಿ ಮೇಷ್ಟರಿಗೆ ಅದು ಗೊತ್ತಾಯಿತು.

ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಮಂಡಕ್ಕಿಯನ್ನು ನೀರಿಗೆ ಹಾಕಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಎಡಗಡೆ ಮರದ ಬೇರಿಗೆ ಹುರಿ ಕಟ್ಟಿದೆ," ಎಂದರು. "ನೀರಿನ ಒಳಗೆ."

ಕನ್ನಪ್ಪ ಮುಳುಗಿ ಎದ್ದ. ಕೈಯಲ್ಲಿ ಕಾರಿನ ಚಕ್ರದ ರಬ್ಬರ್ ಟ್ಯೂಬಿನ ತುಂಡು, ಎರಡು ಬದಿಯೂ ಬಿಗಿದು ಮೇಣ ಹಚ್ಚಿದ್ದು. ಕೊಯ್ದಾಗ ಒಳಗೆ ಮೂರು ಹಲಗೆಯೂ ಒಣಗಿಯೇ ಇದ್ದವು.

"ಯಾಕೆ ಮೇಷ್ಟ್ರೆ?" ಎಂದರು ಜೋಯಿಸರು. "ಕಡವು ಅವನದಾದ್ರೆ ನಿಮಗೇನು ನಷ್ಟ?"

ಉತ್ತರ ವಾಗ್ದೇವಿ ಕೊಟ್ಟಳು. "ಓದಿಸಿ ಮಾವ, ಗೊತ್ತಾಗುತ್ತೆ. ಬಚ್ಚಿಟ್ಟಿದ್ದಾರೆ ಅಂದ್ರೆ ಓದಿದ್ದಾರೆ."

"ಓದಿ," ಎಂದ ಕನ್ನಪ್ಪ. ಎರಡೂ ಕೈಯಲ್ಲಿ ಹಲಗೆ ಹಿಡಿದು ಮೇಷ್ಟರ ಮುಂದೆ ಬಗ್ಗಿದ. "ಸುಳ್ಳು ಸೇರಿಸ್ಬೇಡಿ. ನಾಳೆ ಬೆಂಗಳೂರಿನೋರು ತಾಳೆ ನೋಡ್ತಾರೆ."

ನಾಲ್ಕು ಅಕ್ಷರವೂ ಕೂಡಲಿಲ್ಲ ಎಂದಿದ್ದ ಮೇಷ್ಟರು ಕನ್ನಡಕವನ್ನೂ ಹಾಕಿಕೊಳ್ಳದೆ ಓದಿದರು. ಎಷ್ಟೋ ವರ್ಷದಿಂದ ಬಾಯಿಪಾಠವಾಗಿದ್ದಂತೆ. "ತುಂಗೆಯ ಈ ಕಡವನ್ನು ಅಂಬಿಗ ಕರಿಯನ ಮಗ ಕನ್ನನಿಗೂ ಅವನ ಸಂತತಿಗೂ ಬಿಟ್ಟೆವು. ಕಡವಿನ ಕೆಳಮೆಟ್ಟಿಲಿಂದ ಮೇಲಕ್ಕೆ, ಅವನ ದೋಣಿಯ ಗಳದಲ್ಲಿ ಅಳೆದು, ಹನ್ನೆರಡು ಗಳ ನೆಲವನ್ನೂ ಬಿಟ್ಟೆವು."

ಎಲ್ಲರೂ ಮೇಷ್ಟರ ಮುಖ ನೋಡಿದರು. ಕಡವಿನ ಮೇಲಣ ದಂಡೆಯಲ್ಲಿ ಇದ್ದದ್ದು ಒಂದೇ ಮನೆ, ಅವರದು.

"ಒಲೆಗೆ ಹಾಕಿ ಕರಗಿಸೋಣ ಅಂತ ಮೂರು ದಿನ ಒದ್ದಾಡ್ದೆ," ಎಂದರು ಮೇಷ್ಟರು. "ಮೂವತ್ತು ವರ್ಷ ಮಕ್ಕಳಿಗೆ ಕೆಳದಿ ಅರಸರ ಪಾಠ ಮಾಡ್ದೋನು. ಕೈ ಬರಲಿಲ್ಲ. ಮನೇಲಿಟ್ರೆ ನೀವು ಹುಡುಕ್ತೀರಿ. ನೀರಲ್ಲಿಟ್ಟು, ಹುರಿ ಇದ್ಯೋ ಇಲ್ವೋ ಅಂತ ದಿನಾ ನೋಡ್ದೆ."

"ನನ್ನ ಗಂಡ ಜೈಲಿಗೆ ಹೋಗ್ತಿದ್ದಾಗ್ಲೂ ನೋಡ್ತಾ ಇದ್ರಾ?" ಎಂದಳು ದುರ್ಗಮ್ಮ.

ಮೇಷ್ಟರು ಬೆತ್ತ ಊರಿಕೊಂಡು ಮೆಟ್ಟಿಲಿಂದ ಎದ್ದರು.

ಎಲ್ಲರೂ ಕಡವಿಗೆ ಬಂದ ಮೇಲೆ ಮಹಜರು ಬರೆಯಲು ಬೆಳ್ಳಪ್ಪ ಕಾಗದ ತೆಗೆದ. ಕಳವಿನ ಕಾರಣದ ಅಂಕಣದಲ್ಲಿ ಅಂದಾಜು ಬರೆಯುವಂತಿಲ್ಲ, ಅಳತೆ ಬೇಕು. ಕನ್ನಪ್ಪ ಸಂಕ್ರಾಂತಿಯಲ್ಲಿ ದೇವರ ಮುಂದಿಟ್ಟ ಹೊಸ ಗಳ ತಂದ. ಯಾವುದಕ್ಕೂ ಹಳೆಯದೂ ಇರಲಿ ಎಂದು ಜೋಯಿಸರು ಹೇಳಿದರು. ಇಟ್ಟು ನೋಡಿದರೆ ಹಳೆಯದಕ್ಕೂ ಹೊಸದಕ್ಕೂ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಪ್ಪನ ಗಳಕ್ಕೆ ಸಮನಾಗಿ ಕಡಿಯುವುದು ಅವರ ಮನೆಯ ರೂಢಿ.

"ಮೇಷ್ಟ್ರು ಎಣಿಸ್ಲಿ," ಎಂದ ಕನ್ನಪ್ಪ. "ಆಮೇಲೆ ಯಾರೂ ನಾನು ಹೆಚ್ಚು ಎಣಿಸ್ದೆ ಅನ್ಬಾರ್ದು."

ಕನ್ನಪ್ಪ ಗಳ ಮಲಗಿಸುತ್ತ ಹತ್ತಿದ. ಮೇಷ್ಟರು ಬೆತ್ತ ಊರಿಕೊಂಡು, ಪಾಠದ ಧ್ವನಿಯಲ್ಲಿ, ಒಂದೊಂದನ್ನೂ ಎಣಿಸುತ್ತ ಹಿಂದೆ ಬಂದರು. ನಿಂಗಪ್ಪ ಬೀಡಿ ಆರಿಸಿ ನಿಂತು ನೋಡಿದ. ಶಾಸನದ ಹನ್ನೆರಡು ಗಳ ತುಂಬುವ ಮೊದಲೇ ಕೆತ್ತನೆ ಕಂಬದ ಮನೆಯ ಹೊಸ್ತಿಲು ಸಿಕ್ಕಿತು. ಬೆಳ್ಳಪ್ಪ ಬರೆದುಕೊಂಡ.

ಕಡವಿನ ಕೆಳಮೆಟ್ಟಿಲಿಂದ ಹೊಸ್ತಿಲಿಗೆ ಒಂಬತ್ತು ಗಳ, ಎರಡು ಅಡಿ.